ಮುಂಗಡ ಸನ್ಮಾನ

"ಛಲ ಬಿಡಬೇಡ" ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗೆ ಹೇಳುವವರು ತಾವೇನೂ ಓದಬೇಕಾಗಿಲ್ಲ, ನಿದ್ದೆಗೆಡಬೇಕಾಗಿಲ್ಲ. ಹೇಳಿ, ಟೀ ಕುಡಿದು ಮನೆಗೆ ಹೋಗುತ್ತಾರೆ.

ನಾನು ತುಮಕೂರಿನ ಕೋರ್ಟಿನಲ್ಲಿ ವಕೀಲೆ. ಸಿವಿಲ್ ಜಡ್ಜ್ ಆಗಬೇಕೆಂಬ ಆಸೆ ನನ್ನದೇ, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಮೊದಲ ಸಲ ಬರೆದಾಗ ಲಿಖಿತ ಪರೀಕ್ಷೆಗಳೆಲ್ಲ ಪಾಸಾದವು, ಸಂದರ್ಶನವೊಂದು ಬಾಕಿ ಇತ್ತು. ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ನನ್ನ ಚಾಚಾಗೆ, ಅಂದರೆ ಅಬ್ಬನ ತಮ್ಮನಿಗೆ, ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಬಸ್ ಸ್ಟ್ಯಾಂಡ್ ಎದುರು ದೊಡ್ಡ ಫ್ಲೆಕ್ಸ್ ನಿಲ್ಲಿಸಿಬಿಟ್ಟರು. 'ನ್ಯಾಯಾಧೀಶರಾಗಿ ಆಯ್ಕೆಯಾದ ನಮ್ಮೂರ ಮಗಳಿಗೆ ಅಭಿನಂದನೆಗಳು.' ನನ್ನ ಮುಖದ ಪಕ್ಕದಲ್ಲಿ ಕೈ ಮುಗಿದು ನಿಂತ ಅವರ ಮುಖ. ಮಂಡಿ ಮುಂದೆ ಶಾಮಿಯಾನ ಹಾಕಿಸಿ ಸನ್ಮಾನವನ್ನೂ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ.

"ಇಂಟರ್‌ವ್ಯೂ ಇನ್ನೂ ಇದೆ ಚಾಚಾ" ಅಂದೆ.

"ಅದೇನ್ ಮಹಾ, ಆಗುತ್ತೆ ಬುಡು" ಅಂದರು.

ಆಗಲಿಲ್ಲ. ಮುಂದಿನ ಸಲವೂ ಆಗಲಿಲ್ಲ. ಅದರ ಮುಂದಿನ ಸಲ ಸಂದರ್ಶನದವರೆಗೂ ಹೋಗಲಿಲ್ಲ. ಕೋರ್ಟಿನ ಕ್ಯಾಂಟೀನಿನಲ್ಲಿ ಮಾತ್ರ ನಾನು 'ಜಡ್ಜ್ ಮೇಡಂ' ಆಗಿಯೇ ಉಳಿದೆ. ಆ ನಗೆಯನ್ನು ಬೇಕಾದರೆ ನುಂಗಿಕೊಳ್ಳಬಹುದಿತ್ತು. ಆದರೆ ಕೇಸುಗಳೇ ಬರುವುದು ನಿಂತುಹೋಯಿತು. ಕುಣಿಗಲ್‌ನಿಂದ ಒಬ್ಬ ಹೆಂಗಸು ಬಂದಿದ್ದಳು. ಅಣ್ಣಂದಿರು ಅವಳಿಗೆ ಜಮೀನಿನಲ್ಲಿ ಭಾಗ ಕೊಟ್ಟಿರಲಿಲ್ಲ. ಅವಳ ಕಾಗದವೆಲ್ಲ ಓದಿದ್ದೆ, ಆ ಅಣ್ಣಂದಿರಿಗೆ ಪಾಟೀಸವಾಲಿನಲ್ಲಿ ಏನು ಕೇಳಬೇಕೆಂದು ಮನಸ್ಸಿನಲ್ಲೇ ಹಲ್ಲು ಮಸೆಯುತ್ತಿದ್ದೆ. ವಾರ ಕಳೆದು ಬಂದವಳು ಫೈಲು ವಾಪಸ್ ಕೇಳಿದಳು.

"ನೀವು ಜಡ್ಜ್ ಆಗೋರಂತೆ. ನಡುವೆ ಬುಟ್ಟು ಹೋದ್ರೆ ನಾನೆಲ್ಲಿಗೆ ಹೋಗ್ಲಿ ಮೇಡಂ?"

ಅವಳದು ನ್ಯಾಯವಾದ ಮಾತು. ಅದಕ್ಕೇ ಹೆಚ್ಚು ಸಿಟ್ಟು ಬಂತು. ಇರುವ ಕೆಲಸವನ್ನು ಬರದೇ ಇರುವ ಕೆಲಸ ತಿಂದು ಹಾಕುತ್ತಿತ್ತು.

ಈ ಸಲ ಅರ್ಜಿ ಕರೆದಾಗ ವಯಸ್ಸಿನ ಪ್ರಕಾರ ನನಗೆ ಇದೇ ಕೊನೆಯ ಅವಕಾಶ. ಊರಿಗೆಲ್ಲ ನನ್ನದೇ ಚಿಂತೆ ಶುರುವಾಯಿತು. ಕ್ಯಾತ್ಸಂದ್ರದಲ್ಲಿ ನಮ್ಮ ಪಕ್ಕದ ಮನೆಯವರು ದಿನಾ ಬೆಳಿಗ್ಗೆ ಬೆಟ್ಟ ಹತ್ತುವ ಇರುವೆಯ ವಿಡಿಯೋ ಕಳಿಸತೊಡಗಿದರು. ಬ್ಲಾಕ್ ಮಾಡಿದೆ. ಬಿಡಬೇಕು ಅನ್ನಿಸುತ್ತಿತ್ತು. ಹೆದರಿ ಬಿಡುತ್ತಿದ್ದೇನೋ, ಬೇಡವೆಂದು ಬಿಡುತ್ತಿದ್ದೇನೋ ಎನ್ನುವುದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಚಾಚಾಗೆ ಹೇಳಿಬಿಡೋಣವೆಂದು ಗುಬ್ಬಿಗೆ ಹೋದೆ. ಹನಿ ಬೀಳುತ್ತಿತ್ತು. ಮಂಡಿಯ ಅಂಗಳದಲ್ಲಿ ಕೊಬ್ಬರಿ ಮೂಟೆಗಳ ಮೇಲೆ ಅದೇ ಫ್ಲೆಕ್ಸ್ ಹೊದಿಸಿದ್ದರು. ಅದರಲ್ಲಿದ್ದ ನನ್ನ ಮುಖದ ಕೆನ್ನೆಯ ಮೇಲೆ ನೀರು ನಿಂತಿತ್ತು.

"ಈ ಸಲ ಅರ್ಜಿ ಹಾಕಲ್ಲ ಚಾಚಾ. ಬಿಟ್ಟೆ."

ಮನೆಯಲ್ಲಾದರೆ ಉರ್ದುವಿನಲ್ಲಿ ಬೈಯುತ್ತಿದ್ದರು. ಹಮಾಲರಿಗೂ ಕೇಳಿಸಲಿ ಎಂದು ಕನ್ನಡದಲ್ಲೇ ಶುರು ಮಾಡಿದರು. "ಬಿಟ್ಟೆ ಅಂದ್ರೆ? ಊರೋರ್ಗೆ ನಾನೇನ್ ಹೇಳ್ಲಿ? ಇದೊಂದ್ ಸಲ ಬರಿ ಬೇಟಿ. ಫ್ಲೆಕ್ಸ್ ಇನ್ನೂ ಗಟ್ಟಿಯಾಗೈತೆ, ತೊಳ್ದು ಅದನ್ನೇ ಕಟ್ತೀನಿ."

ನನ್ನ ಅನುಮಾನ ಅಲ್ಲಿಗೆ ತೀರಿತು, ಬೇಡವೆಂದೇ ಬಿಡುತ್ತಿದ್ದೆ. ಹಗ್ಗ ಬಿಚ್ಚಿ ಫ್ಲೆಕ್ಸನ್ನು ಎಳೆದು ಕೆಸರಿಗೆ ಹಾಕಿದೆ. ಮೂಟೆ ನೆನೆಯುತ್ತೆ ಎಂದು ಚಾಚಾ ಕೂಗಿಕೊಂಡರು. ನೆನೆಯಲಿ ಎಂದು ಬಸ್ ಹತ್ತಿದೆ.

ಅರ್ಜಿಯ ಕೊನೆಯ ದಿನ ಕಳೆದ ಮೇಲೆ ಕುಣಿಗಲ್‌ನ ಆ ಹೆಂಗಸು ಕೋರ್ಟಿನ ಜಗಲಿಯಲ್ಲಿ ಸಿಕ್ಕಳು. ಇನ್ನೊಬ್ಬ ವಕೀಲರು ಅವಳನ್ನು ಬರೀ ಅಲೆದಾಡಿಸುತ್ತಿದ್ದರಂತೆ.

"ಈ ಸಲಾನೂ ಪರೀಕ್ಷೆ ಬರೀತಿದೀರಾ ಮೇಡಂ?"

"ಇಲ್ಲ. ಬಿಟ್ಟೆ."

ಇವಳೂ ಛಲದ ಮಾತು ಶುರು ಮಾಡಿದರೆ ಬೈದುಬಿಡಬೇಕೆಂದು ಕಾದು ನಿಂತೆ.

"ನಿಜವಾಗ್ಲೂ ಬುಟ್ರಾ?"

"ನಿಜವಾಗ್ಲೂ."

"ಸದ್ಯ" ಎಂದು ಚೀಲದಿಂದ ಫೈಲು ತೆಗೆದು ನನ್ನ ಕೈಗಿಟ್ಟಳು.