ಪದ್ಮಾವತಿಯಮ್ಮನ ಅಂಹಕಾರ

ಮೊನ್ನೆ ಪುತ್ತೂರಿನಲ್ಲಿ ಕನ್ನಡಕ ಬದಲಾಯಿಸಲು ಹೋಗಿದ್ದೆ. ಅಂಗಡಿಯಾಕೆ ನನ್ನ ಹಳೆಯ ಕನ್ನಡಕವನ್ನು ಒರೆಸಿ, ತಮಾಷೆಗೆ ತನ್ನ ಮೂಗಿಗೇ ಏರಿಸಿಕೊಂಡು, “ನಿಮ್ಮ ಪವರೂ ನನ್ನ ಪವರೂ ಹೆಚ್ಚುಕಡಿಮೆ ಒಂದೇ ಟೀಚರ್. ಒಂದರಲ್ಲೇ ಇಬ್ಬರೂ ಸುಧಾರಿಸಬಹುದು” ಎಂದು ನಕ್ಕಳು. ನಾನು ನಗುವುದನ್ನು ಮರೆತು ಕುಳಿತೆ. ಒಂದೇ ಕನ್ನಡಕದಲ್ಲಿ ಇಬ್ಬರು ಸುಧಾರಿಸಿದ್ದನ್ನು ಕಣ್ಣಾರೆ ಕಂಡವಳು ನಾನು. ಅದೂ ಒಬ್ಬರಿಗೊಬ್ಬರು ಮಾತಾಡದ ಇಬ್ಬರು.

ಅರುವತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತೊಂದು. ಟ್ರೈನಿಂಗ್ ಮುಗಿಸಿ ಕಡಬದ ಕಡೆಯ ಒಂದು ಶಾಲೆಗೆ ಟೀಚರಾಗಿ ಹೋದೆ. ಲೋಕದ ಕಾಗುಣಿತವನ್ನೆಲ್ಲ ತಿದ್ದುವ ಗುತ್ತಿಗೆ ನನಗೇ ಸಿಕ್ಕಿದೆಯೆಂಬ ಗತ್ತು. ಬಸ್ಸಿನ ಬೋರ್ಡಿನಲ್ಲಿ ತಪ್ಪು ಕಂಡರೆ ಕಂಡಕ್ಟರನನ್ನು ನಿಲ್ಲಿಸಿ ಪಾಠ ಮಾಡುತ್ತಿದ್ದೆ ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಉಳಿಯಲು ಸಿಕ್ಕಿದ್ದು ಪೇಟೆಯ ಜವಳಿ ಅಂಗಡಿ ಅನಂತಯ್ಯನವರ ಮನೆ. ಮುಂದೆ ಅಂಗಡಿ, ನಡುವೆ ಒಂದು ಬಾಗಿಲು, ಹಿಂದೆ ಮನೆ. ಮನೆಯಲ್ಲಿ ಅವರ ಹೆಂಡತಿ ಪದ್ಮಾವತಿಯಮ್ಮ ಮತ್ತು ಅನಂತಯ್ಯನವರ ತಂಗಿ ದೇವಕಿಯಕ್ಕ. ದೇವಕಿಯಕ್ಕ ಹತ್ತೊಂಬತ್ತನೇ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಆಗ ಅವರಿಗೆ ನಲುವತ್ತು ದಾಟಿತ್ತು, ಅತ್ತಿಗೆಗೆ ಐವತ್ತರ ಹತ್ತಿರ.

ಮೊದಲ ದಿನ ಊಟಕ್ಕೆ ಕುಳಿತಾಗ ಪದ್ಮಾವತಿಯಮ್ಮ ನನ್ನ ಕಡೆ ತಿರುಗಿ, “ಟೀಚರೇ, ಸಾರಿಗೆ ಉಪ್ಪು ಬೇಕಾ ಅಂತ ಅವಳ ಹತ್ರ ಕೇಳಿ” ಎಂದರು. ‘ಅವಳು’ ಎರಡು ಮೊಳ ದೂರದಲ್ಲಿ ಕುಳಿತಿದ್ದರು. ಕೇಳಿದೆ. “ಬೇಡ ಅಂತ ಹೇಳಿ” ಎಂದರು ದೇವಕಿಯಕ್ಕ. ಹೇಳಿದೆ. ಹೀಗೆ ಮೊದಲ ದಿನವೇ ಆ ಮನೆಯ ಟಪಾಲು ನನ್ನ ಪಾಲಿಗೆ ಬಂತು.

ಅನಂತಯ್ಯನವರು ಮರುದಿನ ಅಂಗಡಿಯಲ್ಲಿ ದನಿ ತಗ್ಗಿಸಿ ಹೇಳಿದರು. “ಇಬ್ಬರೂ ಮಾತು ಬಿಟ್ಟು ಏಳು ವರ್ಷ ಆಯ್ತು ಟೀಚರೇ, ಎಂತ ಮಾಡುದು? ಗೀತೆ ಓದುವಾಗ ಮಾತ್ರ ಇಬ್ಬರ ಸ್ವರ ಒಟ್ಟಿಗೆ ಕೇಳ್ತದೆ. ಅದಕ್ಕೇ ನಾನು ಆ ಹೊತ್ತಿಗೆ ಬಾಗಿಲು ತೆರೆದಿಡುದು.”

ಗೀತೆ ಎಂದರೆ ಒಂದೇ ಎಂದು ತಿಳಿದಿದ್ದವಳು ನಾನು. ಯುದ್ಧಭೂಮಿ, ರಥ, ಕೈಚೆಲ್ಲಿ ಕುಳಿತ ಬಿಲ್ಲುಗಾರ, ಅಷ್ಟೇ. ದೇವಕಿಯಕ್ಕನ ಗಂಡನ ಮನೆಯಿಂದ ಬಂದ, ರಟ್ಟು ಕಳಚಿದ ಒಂದು ದಪ್ಪ ಪುಸ್ತಕ ಆ ಮನೆಯಲ್ಲಿತ್ತು. ಅದರೊಳಗೆ ಗೀತೆಗಳ ದೊಡ್ಡ ಸಂಸಾರವೇ ಇತ್ತು. ಅಣ್ಣ ತಮ್ಮನಿಗೆ ಹೇಳಿದ್ದು, ಶಿವ ಪಾರ್ವತಿಗೆ ಹೇಳಿದ್ದು, ಹಂಸವೊಂದು ಋಷಿಗಳಿಗೆ ಹೇಳಿದ್ದು, ಮಾಂಸ ಮಾರುವವನೊಬ್ಬ ತಪಸ್ವಿಗೆ ಹೇಳಿದ್ದು. ಎಲ್ಲದರಲ್ಲೂ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಹೇಳುತ್ತಾರೆ. ಕೇಳುವುದೂ ಒಂದೇ, ‘ನಾನು ಯಾರು?’ ಎಂದು. ಮೇಲೆ ಸಂಸ್ಕೃತ ಶ್ಲೋಕ, ಕೆಳಗೆ ಕನ್ನಡದ ಅರ್ಥ. ಇವರು ಓದುತ್ತಿದ್ದದ್ದು ಅರ್ಥವನ್ನು.

ನಾನು ಶಾಲೆಯಿಂದ ಬಂದು ಕಾಫಿ ಕುಡಿಯುವ ಹೊತ್ತಿಗೆ ಚಾಪೆ ಹಾಸಿರುತ್ತಿತ್ತು. ಹಿರಿಯರಾದ್ದರಿಂದ ಗುರುವಿನ ಪಾಲು ಯಾವಾಗಲೂ ಪದ್ಮಾವತಿಯಮ್ಮನದು, ಶಿಷ್ಯನ ಪಾಲು ದೇವಕಿಯಕ್ಕನದು. ಕನ್ನಡಕ ಇದ್ದದ್ದು ಒಂದೇ. ಶಿಷ್ಯೆ ಪ್ರಶ್ನೆ ಓದಿ ಅದನ್ನು ಕಳಚಿ ಚಾಪೆಯ ಮೇಲಿಡಬೇಕು, ಗುರು ತೆಗೆದು ಹಾಕಿಕೊಂಡು ಉತ್ತರ ಓದಬೇಕು. ನಾನು ಬಂದ ಮೇಲೆ ಅದೂ ನನ್ನ ಕೈಯಿಂದಲೇ ಅತ್ತಿತ್ತ ಹೋಗತೊಡಗಿತು. ಇಬ್ಬರದೂ ಗಟ್ಟಿ ದನಿ. ಒಮ್ಮೆ ಬಟ್ಟೆ ಕೊಳ್ಳಲು ಬಂದವರು ಒಳಗೆ ಕಿವಿಗೊಟ್ಟು, “ಎಂತ, ಹೆಂಗಸರ ಜಗಳವಾ?” ಎಂದು ಕೇಳಿದರು. “ಅಲ್ಲ ಮಾರಾಯ್ರೆ, ಮೋಕ್ಷ” ಎಂದರು ಅನಂತಯ್ಯ, ಮೊಳ ಹಾಕುತ್ತಲೇ.

ಜಗಳದ ಮೂಲ ನನಗೆ ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ಗಂಡ ತೀರಿ ಬಂದ ಹುಡುಗಿಗೆ ಓದುಬರಹವಿರಲಿಲ್ಲ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೆರಳು ಹಿಡಿದು, ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿಸಿದವರು ಈ ಅತ್ತಿಗೆಯೇ. ಶಿಷ್ಯೆ ಚುರುಕು. ಕಲಿಸಿದವರಿಗಿಂತ ಮುಂದೆ ಹೋದರು. ಒಮ್ಮೆ ಮನೆಯಲ್ಲಿ ಪೂಜೆ. ನೆರೆದ ಹೆಂಗಸರ ಎದುರು ಪದ್ಮಾವತಿಯಮ್ಮ ಓದುತ್ತ ‘ಅಂಹಕಾರ’ ಎಂದರಂತೆ. “ಅಂಹಕಾರ ಅಲ್ಲ ಅತ್ತಿಗೆ, ಅಹಂಕಾರ” ಎಂದರಂತೆ ದೇವಕಿಯಕ್ಕ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಲ್ಲಿಗೆ ಮಾತು ನಿಂತಿತು.

ಓದು ಮಾತ್ರ ನಿಲ್ಲಲಿಲ್ಲ. ಪುಸ್ತಕ ಪೂರ್ತಿ ಮುಗಿಸುತ್ತೇವೆಂದು ಇಬ್ಬರೂ ಜಗಳಕ್ಕೆ ಮೊದಲೇ ದೇವರೆದುರು ಹೇಳಿಕೊಂಡದ್ದುಂಟು. ಈಗ ತಮಾಷೆ ಕೇಳಿ. ಯಾವ ಗೀತೆಯನ್ನು ತೆರೆದರೂ ಪುಟಕ್ಕೆರಡು ಸಲ ಆ ಶಬ್ದ ಬರುತ್ತದೆ. ಬಂದಾಗಲೆಲ್ಲ ಪದ್ಮಾವತಿಯಮ್ಮ ಬೆನ್ನು ನೆಟ್ಟಗೆ ಮಾಡಿ, ಒಂದು ಸ್ವರ ಏರಿಸಿ, “ಎಲೈ ಶಿಷ್ಯನೇ, ಅಂಹಕಾರವನ್ನು ಬಿಡು!” ಎಂದು ಗುಡುಗುತ್ತಿದ್ದರು. ಏಳು ವರ್ಷ! ದೇವಕಿಯಕ್ಕ ತಲೆ ತಗ್ಗಿಸಿ ಸೀರೆಯ ಅಂಚನ್ನು ನೋಡುತ್ತಿದ್ದರು. ತಿದ್ದಲೇಬಾರದ ತಪ್ಪನ್ನು ದಿನಾ ಕೇಳುತ್ತ ಕೂರುವುದು ನನ್ನಂಥವಳಿಗೆ ಎಂಥ ಶಿಕ್ಷೆಯೆಂದು ಹೇಳಿದರೆ ಅರ್ಥವಾಗದು. ಒಂದೆರಡು ಸಲ ಬಾಯಿ ತೆರೆದೆ. ದೇವಕಿಯಕ್ಕ ನನ್ನ ಮೊಣಕೈ ಹಿಡಿದು ಒತ್ತಿದರು.

ಆ ವರ್ಷದ ಕೊನೆಗೆ ಪುಸ್ತಕದಲ್ಲಿ ಒಂದೇ ಗೀತೆ ಉಳಿಯಿತು. ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ದೇವಕಿಯಕ್ಕ ಮೆಲ್ಲಗೆ ಹೇಳಿದರು. “ಇದೊಂದು ಮುಗಿದ್ರೆ ನಾನು ಇಚಿಲಂಪಾಡಿಗೆ ಹೋಗ್ತೇನೆ ಟೀಚರೇ. ಅಲ್ಲಿ ಗಂಡನ ಅಣ್ಣನ ಮನೆಯವರು ಕರೀತಾ ಇದ್ದಾರೆ. ಇಲ್ಲಿ ಇನ್ನೆಂತ ಉಂಟು? ನೀವು ಯಾರಿಗೂ ಹೇಳ್ಬೇಡಿ.”

ಹೇಳಬೇಡಿ ಎಂದದ್ದನ್ನು ನಾನು ಹೇಳಿದೆ. ಯಾರೂ ಒಪ್ಪಿಸದೆ ನಾನಾಗಿಯೇ ಮುಟ್ಟಿಸಿದ ಟಪಾಲು ಅದೊಂದೇ. ಪದ್ಮಾವತಿಯಮ್ಮ ಅಕ್ಕಿ ಆರಿಸುತ್ತಿದ್ದರು. ತಲೆಯೆತ್ತಲಿಲ್ಲ. “ಹೋಗ್ಲಿ. ನಾನೆಂತ ಹಿಡಿದುಕೊಂಡಿದ್ದೇನಾ?” ಎಂದರು. ಮರುದಿನದ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಯಾರೂ ಯಾರ ಮೂಲಕವೂ ಕೇಳಲಿಲ್ಲ. ಹಾಗೆಯೇ ಉಂಡೆವು.

ಕೊನೆಯ ಗೀತೆ ಒಬ್ಬ ಅರಸನಿಗೂ ಒಬ್ಬ ಮುನಿಬಾಲಕನಿಗೂ ನಡೆದ ಮಾತು. ಪುಟ ತೆರೆಯುವ ಮೊದಲೇ ಪದ್ಮಾವತಿಯಮ್ಮ ನನ್ನೊಡನೆ, “ನಾನು ಪೋರನ ಪಾಲು ಓದುದಿಲ್ಲ ಟೀಚರೇ. ಅರಸನದ್ದು ನನಗಿರಲಿ ಅಂತ ಹೇಳಿ ಅವಳಿಗೆ” ಎಂದರು. ದೇವಕಿಯಕ್ಕ ತಲೆಯಾಡಿಸಿದರು. ಪುಟ ತೆರೆದ ಮೇಲೆ ಗೊತ್ತಾಯಿತು, ಇಲ್ಲಿ ಕೇಳುವವನು ಅರಸ, ಹೇಳುವವನು ಪೋರ! ಪದ್ಮಾವತಿಯಮ್ಮನ ಮುಖ ಒಂದು ಕ್ಷಣ ಬಾಡಿತು. ಬದಲಾಯಿಸುತ್ತಾರೆ ಎಂದುಕೊಂಡೆ. ಅವರು ಬದಲಾಯಿಸಲಿಲ್ಲ. ಕನ್ನಡಕಕ್ಕೆ ಕೈಚಾಚಿದರು.

“ರಾಜ್ಯವನ್ನು ಬಿಡಬಲ್ಲೆ, ಭಂಡಾರವನ್ನು ಬಿಡಬಲ್ಲೆ. ಆದರೆ ಎಲೈ ಬಾಲಕನೇ, ಈ…”

ನಿಂತರು. ಮುಂದಿನ ಶಬ್ದ ಯಾವುದೆಂದು ಮೂವರಿಗೂ ಗೊತ್ತು. ಅಂಗಡಿಯಲ್ಲಿ ಕತ್ತರಿಯ ಸದ್ದೂ ನಿಂತಿತು. ನನ್ನ ನಾಲಗೆಯ ತುದಿಗೆ ಬಂದದ್ದನ್ನು ನಾನು ಹಲ್ಲು ಕಚ್ಚಿ ಹಿಡಿದೆ. ಜೀವಮಾನದಲ್ಲಿ ಮೊದಲ ಬಾರಿಗೆ.

ಪದ್ಮಾವತಿಯಮ್ಮ ಕನ್ನಡಕ ಕಳಚಿದರು. ನನ್ನ ಕೈಗೆ ಕೊಡಲಿಲ್ಲ. ನೇರವಾಗಿ ನಾದಿನಿಯ ಮುಂದೆ ಹಿಡಿದರು.

“ಇದು ಹೇಗೆ ಹೇಳುದು ದೇವಕಿ? ನೀನೇ ಹೇಳು.”

ದೇವಕಿಯಕ್ಕ ಕನ್ನಡಕ ತೆಗೆದುಕೊಂಡರು, ಹಾಕಿಕೊಳ್ಳಲಿಲ್ಲ. ಕಣ್ಣು ತುಂಬಿದವರಿಗೆ ಕನ್ನಡಕದಿಂದ ಏನುಪಯೋಗ? ಮೆತ್ತಗೆ ಹೇಳಿದರು.

“ಅಂಹಕಾರ, ಅತ್ತಿಗೆ.”

“ಎಂತ ಅಂಹಕಾರ?” ಪದ್ಮಾವತಿಯಮ್ಮ ಸಿಡಿದರು. “ಅಹಂಕಾರ! ನನಗೆ ಗೊತ್ತಿಲ್ವಾ? ಏಳು ವರ್ಷದಿಂದ ಗೊತ್ತುಂಟು ಮಾರಾಯ್ತಿ! ಕಲಿಸಿದ್ದನ್ನೆಲ್ಲ ಮರೆತು ಇಚಿಲಂಪಾಡಿಗೆ ಹೊರಟಿದ್ದೀಯಾ ನೀನು?”

ಆಮೇಲೆ ಯಾರು ಮೊದಲು ಅತ್ತರು, ಯಾರು ಮೊದಲು ನಕ್ಕರು ಎಂದು ಹೇಳಲಾರೆ. ಎರಡೂ ಕೂಡಿಯೇ ನಡೆಯಿತು. ಅನಂತಯ್ಯನವರು ಅರ್ಧ ಕತ್ತರಿಸಿದ ಪಾಪ್ಲಿನ್ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು. ಅದರ ತುದಿಯಿಂದಲೇ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ, ಅವರ ಹಿಂದೆ ನಿಂತಿದ್ದ ಗಿರಾಕಿಯೂ ನೋಡಿದರು.

ದೇವಕಿಯಕ್ಕ ಎಲ್ಲಿಗೂ ಹೋಗಲಿಲ್ಲ. ಕಷ್ಟವಾದದ್ದು ನನಗೆ. ಏಳು ವರ್ಷ ಕಟ್ಟಿಟ್ಟ ಮಾತುಗಳೆಲ್ಲ ಹೊರಬಿದ್ದವು. ಬೆಳಗಾಗುತ್ತಲೇ ಶುರು. ಸಾರಿನ ಉಪ್ಪಿನ ಬಗ್ಗೆಯೇ ಅರ್ಧ ಗಂಟೆ ಚರ್ಚೆ. ನಾನು ಮಕ್ಕಳ ಕಾಪಿ ತಿದ್ದಲು ಶಾಂತವಾದ ಜಾಗ ಹುಡುಕಿಕೊಂಡು ಅಂಗಡಿಯ ಬಟ್ಟೆಕಟ್ಟುಗಳ ನಡುವೆ ಕೂರಬೇಕಾಯಿತು. ಗೀತೆಗಳನ್ನು ಅವರು ಮತ್ತೆ ಮೊದಲ ಪುಟದಿಂದ ಹಿಡಿದರು. ಈ ಸಲ ದಿನ ಬಿಟ್ಟು ದಿನ ಗುರು ಬದಲು.

ಎರಡು ವರ್ಷದಲ್ಲಿ ನನಗೆ ವರ್ಗವಾಯಿತು. ಮುಂದೆ ಮೂವತ್ತೈದು ವರ್ಷ ಪಾಠ ಮಾಡಿದೆ. ಆ ಪುಸ್ತಕದಲ್ಲಿ ಎಲ್ಲರೂ ಹೇಳುವವನನ್ನೇ ಹೊಗಳುತ್ತಾರೆ. ಕೇಳುವವನು ಬಾಯಿ ತೆರೆಯದಿದ್ದರೆ ಒಂದು ಗೀತೆಯೂ ಹುಟ್ಟುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಮೊನ್ನೆ, ಪುತ್ತೂರಿನಿಂದ ಮನೆಗೆ ಬರುವ ಬಸ್ಸಿನಲ್ಲಿ. ತಡವಾಯಿತು ಎನ್ನಿ.

ನನ್ನ ಸೊಸೆ ಶ್ರೀಜಾ ಕಾಸರಗೋಡಿನ ಆಚೆಯವಳು, ಮನೆಮಾತು ಮಲಯಾಳ. ಮದುವೆಯಾಗಿ ಬಂದಂದಿನಿಂದ ಅವಳ ಕನ್ನಡವನ್ನು ತಿದ್ದುತ್ತಲೇ ಬಂದಿದ್ದೇನೆ, ಉಪಕಾರವೆಂದೇ ತಿಳಿದು. ವರ್ಷ ಹೋದಂತೆ ಅವಳ ಮಾತು ಕಡಿಮೆಯಾಯಿತು. ಹುಡುಗಿ ಗಂಭೀರ ಸ್ವಭಾವದವಳು ಎಂದು ನೆಂಟರಲ್ಲಿ ಹೊಗಳಿಕೊಂಡೂ ಇದ್ದೆ.

ಅಂದು ಪೇಟೆಯಿಂದ ತಂದ ಬಾಳೆಹಣ್ಣನ್ನು ಅವಳ ಕೈಗೆ ಕೊಟ್ಟು, “ಇದಕ್ಕೆ ನಿಮ್ಮಲ್ಲಿ ಎಂತ ಹೇಳುದು? ಹೇಳಿಕೊಡು” ಎಂದೆ. ಅವಳು ಸಂಶಯದಿಂದ ನನ್ನ ಮುಖ ನೋಡಿ ಹೇಳಿದಳು. ಶಬ್ದದ ನಡುವೆ ಈಗಿನ ನಮ್ಮ ಕನ್ನಡದಲ್ಲಿಲ್ಲದ ಒಂದು ಅಕ್ಷರ. ನಾನು “ಪಳಂ” ಎಂದೆ.

“ಅಲ್ಲಮ್ಮ. ನಾಲಗೆ ಸ್ವಲ್ಪ ಹಿಂದೆ ಮಡಚಬೇಕು.”

ಮಡಚಿದೆ. “ಪಯಂ.”

“ಇನ್ನೂ ಹಿಂದೆ.”

ನಾಲ್ಕನೆಯ ಸಲಕ್ಕೆ ನನ್ನ ನಾಲಗೆ ಹಲ್ಲಿನ ಸೆಟ್ಟಿಗೆ ಸಿಕ್ಕಿ, “ಪರ್ರ್ರಂ” ಎಂದು ಲಾರಿ ಸ್ಟಾರ್ಟಾದ ಹಾಗೆ ಸದ್ದಾಯಿತು. ಶ್ರೀಜಾ ಹಣ್ಣನ್ನು ಎದೆಗವಚಿಕೊಂಡು ಅಡುಗೆಮನೆಯ ನೆಲದ ಮೇಲೇ ಕುಳಿತುಬಿಟ್ಟಳು. ನಮ್ಮ ಮನೆಗೆ ಬಂದು ಹನ್ನೊಂದು ವರ್ಷವಾಯಿತು. ಅವಳು ಅಷ್ಟು ಜೋರಾಗಿ ನಗುವುದನ್ನು ನಾನು ಕೇಳಿದ್ದು ಅದೇ ಮೊದಲು.