ನೇರ ಮಾಡಿದ ಮೂಗು

ಸಿನಿಮಾ ಸ್ಟುಡಿಯೋದಲ್ಲಿ ಅವಳು ಎಲ್ಲರಿಗೂ ಮುಖವಾಡದಕ್ಕ. ರಾಜನಿಂದ ಹಿಡಿದು ರಾಕ್ಷಸನವರೆಗೆ ಯಾರ ಮುಖ ಬೇಕೆಂದರೂ ಅವಳ ಕೈಯಲ್ಲಿ ತಯಾರು. ಆ ಕೈಗೊಂದು ಚಾಳಿಯಿತ್ತು. ಉಬ್ಬುತಗ್ಗು ಕಂಡರೆ ಸುಮ್ಮನಿರುತ್ತಿರಲಿಲ್ಲ. ಮನೆಯ ಗೋಡೆಯನ್ನೂ ಬಿಡದೆ ಉಜ್ಜಿ ಉಜ್ಜಿ ನಯ ಮಾಡುತ್ತಿದ್ದಳು ಪುಣ್ಯಾತ್ಗಿತ್ತಿ.

ಒಮ್ಮೆ ಒಬ್ಬ ನಿರ್ದೇಶಕ ವಿಚಿತ್ರ ಕತೆ ಹೊತ್ತು ಬಂದ. ಸತ್ತ ಚಿತ್ರಕಾರನೊಬ್ಬ ತಾನು ಯಾರೆಂದು ಕೇಳಲು ಬೀದಿಗಿಳಿಯುತ್ತಾನೆ; ಎದುರಿಗೆ ಬರುವ ಪ್ರತಿಯೊಬ್ಬರಿಗೂ ಅವನದೇ ಮುಖ. ಕತೆಯ ತಲೆಬುಡ ಅವಳಿಗೆ ಅರ್ಥವಾಗಲಿಲ್ಲ, ನೂರು ಮುಖವಾಡ ಬೇಕೆಂಬುದು ಅರ್ಥವಾಯಿತು. "ದಾರೀಲಿ ಸಿಗೋ ಯಾವನದೋ ಮುಖ ಸಾಕು" ಅಂದಿದ್ದ ನಿರ್ದೇಶಕ. ಅವಳು ಗಂಡನನ್ನೇ ಹಿಡಿದಳು.

ಗಂಡ ಅಲ್ಲೇ ಸೆಟ್ ಹಾಕುವ ಬಡಗಿ. ಚಿಕ್ಕಂದಿನಲ್ಲಿ ಏಣಿಯಿಂದ ಬಿದ್ದು ಮೂಗು ಎಡಕ್ಕೆ ವಾಲಿತ್ತು. ಆ ನಾಚಿಕೆಗೆ ಫೋಟೋ ಎಂದರೆ ಮುಖ ತಿರುಗಿಸುವ ಆಸಾಮಿ. ಮದುವೆಯ ಫೋಟೋದಲ್ಲೂ ಕಾಣುವುದು ಬರೀ ಕಿವಿ. "ನನ್ನ ಮೂತಿಗೂ ಒಂದು ಕಾಲ ಬಂತಲ್ಲೇ!" ಎಂದು ಹಿಗ್ಗಿ, ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು, ಮುಖದ ಮೇಲಿನ ಪ್ಲಾಸ್ಟರ್ ಒಣಗಿ ಅಚ್ಚಾಗುವವರೆಗೆ ಮಿಸುಕದೆ ಮಲಗಿದ.

ಆ ಅಚ್ಚಿನೊಳಗೆ ಪ್ಲಾಸ್ಟರ್ ಹೊಯ್ದು, ಆಮೇಲೆ ಅಚ್ಚು ಒಡೆದಾಗ ಅವನ ಮುಖ ಇದ್ದ ಹಾಗೇ ಬಂದಿತ್ತು. ಅಷ್ಟಕ್ಕೇ ಬಿಡಬೇಕಿತ್ತು. ಬಿಡಲಿಲ್ಲ. ಇಲ್ಲಿಷ್ಟು ಮೆತ್ತಿ, ಅಲ್ಲಿಷ್ಟು ಉಜ್ಜಿ ಮೂಗು ನೇರ ಮಾಡಿದಳು. ಗಲ್ಲದ ಗಾಯದ ಗುರುತನ್ನೂ ಅಳಿಸಿದಳು. ಆ ತಿದ್ದಿದ ಮುಖದಿಂದಲೇ ನೂರು ಮುಖವಾಡ ತೆಗೆದಳು. ಯಾರೂ ಕೇಳಿರಲಿಲ್ಲ, ಗಂಡನಿಗೆ ಖುಷಿಯಾದೀತು ಅಂದುಕೊಂಡಿದ್ದಳು. ಅವನು ನೋಡಿ, "ಚೆನ್ನಾಗಿದಾನೆ ಬಿಡು" ಎಂದು ಕೆಲಸಕ್ಕೆ ಹೋದ. ಆ ದನಿ ಬಾಡಿದ್ದು ಅವಳಿಗಾಗ ಕೇಳಿಸಲೇ ಇಲ್ಲ.

ಚಿತ್ರ ತೆರೆಗೆ ಬರುವಷ್ಟರಲ್ಲಿ ವರ್ಷಗಳೇ ಉರುಳಿದವು. ಆ ನಡುವೆ ಹುಟ್ಟಿದ ಮಗಳಿನ್ನೂ ತೊಟ್ಟಿಲಲ್ಲಿದ್ದಾಗ ಗಂಡ ಜ್ವರ ಬಂದು ಹೋಗಿಬಿಟ್ಟಿದ್ದ. ಈಗ ಮಗಳು ಶಾಲೆಗೆ ಹೋಗುತ್ತಿದ್ದಳು. ಅಪ್ಪನ ಸೊಟ್ಟ ಮೂಗಿನ ಸುದ್ದಿಯನ್ನು ಅಜ್ಜಿ ಹೇಳಿದಾಗಿನಿಂದ, "ನಂಗೆ ತೋರ್ಸು" ಎಂದು ತಾಯಿಯ ಪ್ರಾಣ ತಿನ್ನುತ್ತಿದ್ದಳು. ತೋರಿಸಲು ಬೇರೆ ಏನಿತ್ತು? ಹಣೆಯೋ ತುಟಿಯೋ ಅಷ್ಟಾದರೂ ಅವನದಿದ್ದೀತು ಎಂದುಕೊಂಡು, ಅಪ್ಪನನ್ನು ತೋರಿಸುತ್ತೇನೆಂದು ಮಗಳನ್ನು ಆ ಸಿನಿಮಾಕ್ಕೆ ಕರೆದುಕೊಂಡು ಹೋದಳು.

ಪರದೆಯ ಮೇಲೆ ಮುಖವಾಡಗಳು ಬೀದಿ ತುಂಬ ನಡೆದು ಬಂದವು. ನೂರಕ್ಕೆ ನೂರೂ ನೇರ ಮೂಗಿನ ಸುಂದರಾಂಗರು. ಅವಳು ಒಂದೊಂದರಲ್ಲೂ ಹುಡುಕಿದಳು. ಅವನಿರಲಿಲ್ಲ. ಕೈಯಾರೆ ತಾನೇ ಅವನನ್ನು ಉಜ್ಜಿ ಹಾಕಿದ್ದಳು.

"ಅಮ್ಮಾ, ಅಪ್ಪ ಯಾವಾಗ ಬರ್ತಾರೆ?"

ಇವರೇ ಕಣೇ ಎನ್ನಬೇಕೆಂದವಳು ಮಗಳ ಕೆದರಿದ ಕೂದಲು ನೇವರಿಸಿದಳು.

"ಇವರೆಲ್ಲ ಹೋದ್ಮೇಲೆ ಬರ್ತಾರಾ?"

"ಹೂಂ" ಎಂದಳು.

ಚಿತ್ರ ಮುಗಿಯಿತು, ದೀಪ ಹತ್ತಿತು, ಜನವೆಲ್ಲ ಎದ್ದು ಹೋದರು. ಮಗಳು ಕುರ್ಚಿ ಬಿಟ್ಟು ಏಳಲಿಲ್ಲ.