ಕನ್ನಡಕ್ಕೆ ಒಂದೇ ಹಾಳೆ

ನಮ್ಮ ಪುಟ್ಟ ಕಾಲೇಜಿನ ಮ್ಯಾಗಜೀನ್ ಅಚ್ಚಾಗುತ್ತಿದ್ದುದು ಸುಲ್ತಾನ್ ಬಜಾರಿನ ಒಂದು ಪ್ರೆಸ್ಸಿನಲ್ಲಿ. ಅಲ್ಲಿ ಇಂಗ್ಲಿಷ್, ತೆಲುಗು, ಹಿಂದಿ ಅಚ್ಚುಮೊಳೆಗಳಿದ್ದವು, ಕನ್ನಡದ್ದಿರಲಿಲ್ಲ. ಹಾಗಾಗಿ ಕನ್ನಡದ ಪುಟವನ್ನು ಮಾತ್ರ ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಕೈಯಿಂದಲೇ ಕೊರೆದು, ಕಾಲೇಜಿನ ಆಫೀಸಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆದು, ಕೊನೆಗೆ ಪಿನ್ ಹೊಡೆದು ಸೇರಿಸುವುದು ರೂಢಿ. ವರ್ಷಕ್ಕೆ ಒಂದೇ ಹಾಳೆ. ಕಾನ್ವೆಂಟಿನಲ್ಲಿ ತಿದ್ದಿದ ನನ್ನ ಹ್ಯಾಂಡ್‌ರೈಟಿಂಗ್ ವೆರಿ ನೀಟ್ ಎಂದು ಪ್ರಿನ್ಸಿಪಾಲರು ನನ್ನನ್ನೇ ಆ ಪುಟದ ಎಡಿಟರ್ ಮಾಡಿದರು.

ಆ ವರ್ಷ ಗೆಳತಿಯೊಬ್ಬಳು ಪದ್ಯ ತಂದುಕೊಟ್ಟಳು. ಅವಳ ಮನೆ ಬೇಗಂಪೇಟೆಯ ರೈಲ್ವೆ ಕ್ವಾರ್ಟರ್ಸಿನಲ್ಲಿತ್ತು. ಗಾಡಿ ಹೋದಾಗಲೆಲ್ಲ ಒಣಹಾಕಿದ ಸೀರೆಯ ಮೇಲಿನ ಮಸಿ ಕೊಡವುವ ಅವ್ವನ ಬಗ್ಗೆ ಬರೆದಿದ್ದಳು.

"ಎಷ್ಟು ಉದ್ದ ಬರದೀಯವಾ! ಗೂಡ್ಸ್ ಗಾಡಿ ಆತಲ್ಲ ಇದು," ಎಂದೆ.

"ನಿನ್ನ ಕಾನ್ವೆಂಟ್ ಕಣ್ಣಿಗೆ ಹಂಗ ಕಾಣ್ತೈತಿ. ಪೂರಾ ಹಾಕು. ಕಡೀಗಿರೋ ಗಾರ್ಡಿನ ಡಬ್ಬಿ ಬಿಡಬ್ಯಾಡ," ಎಂದು ನಕ್ಕಳು.

ನಾನು ಅದನ್ನೇ ಬಿಟ್ಟೆ. ಹಾಳೆಯಲ್ಲಿ ಪದ್ಯ ಪೂರ್ತಿ ಹಿಡಿಯುತ್ತಿತ್ತು, ನಿಜ. ಆದರೆ ಕೆಳಗೆ ಬಳ್ಳಿ ಬಿಡಿಸಿ, ನಡುವೆ ಎಡಿಟರ್ ಎಂದು ನನ್ನ ಹೆಸರು ಬರೆದುಕೊಳ್ಳಲು ಜಾಗವಿರುತ್ತಿರಲಿಲ್ಲ. ಕೊನೆಯ ನಾಲ್ಕು ಸಾಲು ಹೋದವು. ಸ್ಟೆನ್ಸಿಲ್ ಕೊರೆದ ಮೇಲೆ ಮೂಲ ಹಾಳೆ ಕಸದ ಬುಟ್ಟಿಗೆ, ಅದೂ ರೂಢಿಯೇ. ಮರುವರ್ಷ ಅವಳನ್ನು ಪದ್ಯ ಕೇಳಿದರೆ, "ಟೈಮ್ ಇಲ್ಲ ಬಿಡವಾ," ಎಂದಳು. ಮತ್ತೆಂದೂ ಬರೆಯಲಿಲ್ಲ.

ವಯಸ್ಸಾದಂತೆ ನನಗೆ ಆ ಸಾಲುಗಳು ಬೇಕೆನಿಸತೊಡಗಿದವು. ಮಸಿ ಕೊಡವಿದ ಮೇಲೆ ಅವ್ವ ಏನು ಮಾಡುತ್ತಾಳೆ? ಮಧ್ಯಾಹ್ನ ಸೀರೆ ಮಡಿಸುತ್ತ ಹುಡುಕುತ್ತೇನೆ. ಲಯ ಬಾಯಿಗೆ ಬರುತ್ತದೆ, ಮಾತು ಬರುವುದಿಲ್ಲ. ನನ್ನ ಬಳ್ಳಿಯ ಒಂದೊಂದು ಎಲೆಯೂ ನೆನಪಿದೆ, ಸಿಲ್ಲಿ ಥಿಂಗ್.

ಕಳೆದ ತಿಂಗಳು ಆ ಹಳೆಯ ಮ್ಯಾಗಜೀನ್ ಹಿಡಿದು, ಕ್ಯಾಬ್ ಮಾಡಿಕೊಂಡು ಗಚ್ಚಿಬೌಲಿಗೆ, ಅವಳು ಈಗಿರುವ ಮಗಳ ಫ್ಲ್ಯಾಟಿಗೆ ಹೋದೆ. ಮಾಡಿದ್ದನ್ನೆಲ್ಲ ಹೇಳಿಕೊಂಡೆ. "ಆ ನಾಲ್ಕು ಸಾಲು ಒಮ್ಮೆ ಹೇಳವಾ," ಎಂದು ಕೇಳಿದೆ.

"ನೆನಪಿಲ್ಲಲೇ," ಎಂದಳು. ಮ್ಯಾಗಜೀನಿನ ಆ ಪುಟ ತೆರೆದು, "ಅವ್ವ ಮಾತಾಡೋದು ಅಲ್ಲೇ ಇತ್ತು. ಅಲ್ಲೀತನಕಾ ಬರೇ ಸೀರಿ ಝಾಡಸ್ತಾಳ," ಎಂದಳು.

"ಇನ್ನೊಂದು ಕಾಪಿ ಇಟ್ಕೊಂಡಿರಲಿಲ್ಲೇನು?"

"ನಿನಗ ಕೊಟ್ಟಿದ್ದೆನಲ್ಲ."

ಅವಳ ಅವ್ವ ತೀರಿಹೋಗಿ ಬಹಳ ವರ್ಷಗಳಾಗಿವೆ. ನಾನು ಮ್ಯಾಗಜೀನ್ ಮುಚ್ಚಲು ಹೋದೆ, ಅವಳು ಬಿಡಲಿಲ್ಲ. ಕನ್ನಡಕ ಏರಿಸಿಕೊಂಡು ಪುಟದ ಕೆಳಗೆ ಬೆರಳಿಟ್ಟಳು.

"ಬಳ್ಳಿ ಮಾತ್ರ ಭಾಳ ಛಂದ ಬಂದೈತಿ ನೋಡು."